ನಿಗಾ ಘಟಕದ ಬಾಗಿಲು

ನವಲಗುಂದ ಸೀಮೆಯ ಎರೆಹೊಲದಲ್ಲಿ ಹತ್ತಿಯ ಬೆಳೆಗೆ ಕೀಟನಾಶಕ ಸಿಂಪಡಿಸುತ್ತಿದ್ದ ರೈತನೊಬ್ಬನು ಸಂಜೆಯ ವೇಳೆಗೆ ಕುಸಿದು ಬಿದ್ದನೆಂದು ಭಾವಿಸೋಣ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಕಣ್ಣಪಾಪೆ ಸಾಸಿವೆಯಷ್ಟು ಕಿರಿದು. ನೆರೆಯವರು ಅವನನ್ನು ವಾಹನದಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಯ ದಾರಿ ಹಿಡಿಯುತ್ತಾರೆ. ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗರಿಗೂ ಪ್ರಾಣಾಪಾಯದ ಹೊತ್ತಿನಲ್ಲಿ ನೆನಪಾಗುವುದು ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳೇ. 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಅವುಗಳಲ್ಲಿ ಮುಖ್ಯವಾದುದು. ಜನರ ಬಾಯಲ್ಲಿ ಅದು 'ಕಿಮ್ಸ್'.

ಯಾವ ದೊಡ್ಡ ಆಸ್ಪತ್ರೆಯಲ್ಲಾದರೂ ರೋಗಿಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ಉಳಿದ ತಾಯಿ ಬುತ್ತಿಯ ಗಂಟನ್ನೂ ಬಿಚ್ಚದೆ ಗೋಡೆಗೆ ಒರಗಿ ಕುಳಿತಿರುತ್ತಾಳೆ. ಬಿಳಿಯ ಅಂಗಿಯವರು ಯಾರು ಬಂದರೂ ಎದ್ದು, "ನಮ್ಮ ಹುಡುಗ ಹೆಂಗದಾನ್ರೀ ಸಾಹೇಬ್ರ?" ಎಂದು ಕೇಳುತ್ತಾಳೆ. ಬಂದವರು ಅವಸರದಲ್ಲಿರುತ್ತಾರೆ.

ಕೀಟನಾಶಕದ ವಿಷಕ್ಕೆ ಒಂದು ವಿಲಕ್ಷಣ ಸ್ವಭಾವವಿದೆ. ಅಟ್ರೋಪಿನ್ ಚುಚ್ಚುಮದ್ದಿನಿಂದ ರೋಗಿ ಚೇತರಿಸಿಕೊಂಡು ಮರುದಿನ ಮನೆಯವರೊಡನೆ ಮಾತನಾಡಲೂಬಹುದು. ಆದರೆ ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರ ಕತ್ತಿನ ಮತ್ತು ಉಸಿರಾಟದ ಸ್ನಾಯುಗಳು ಸೋತುಹೋಗುತ್ತವೆ. ಆಗ ಗಂಟಲಿಗೆ ನಳಿಕೆ ಇಳಿಸಿ ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸದೆ ಗತ್ಯಂತರವಿಲ್ಲ. ನಿನ್ನೆ ಮಾತನಾಡಿದ ಮಗನು ಇಂದು ಯಂತ್ರಕ್ಕೆ ಕಟ್ಟುಬಿದ್ದುದನ್ನು ಕಂಡ ತಾಯಿಗೆ ಏನೆನ್ನಿಸೀತು? ಒಳಗೆ ಏನೋ ತಪ್ಪು ನಡೆಯಿತೆಂಬ ಶಂಕೆ, ಬಿಲ್ಲು ಬೆಳೆಸಲು ಹೂಡಿದ ಉಪಾಯವೆಂಬ ಕೋಪ. ಚಿಕಿತ್ಸೆಯ ನಡುವೆಯೇ ರೋಗಿಯನ್ನು ಮನೆಗೆ ಕರೆದೊಯ್ಯುವ ದುಡುಕು ಹುಟ್ಟುವುದೂ ಇಂಥ ಗಳಿಗೆಯಲ್ಲಿಯೇ. ಆ ದುಡುಕಿಗೆ ತೆರಬೇಕಾದ ಬೆಲೆ ಪ್ರಾಣ. "ಇನ್ನು ನಾಲ್ಕು ದಿನ ಗಂಡಾಂತರವಿದೆ, ಉಸಿರು ಸೋತರೆ ಯಂತ್ರ ಹಚ್ಚುತ್ತೇವೆ, ಹೆದರಬೇಡಿ" ಎಂದು ಮೊದಲ ದಿನವೇ ಹೇಳುವುದಕ್ಕೆ ಐದು ನಿಮಿಷ ಸಾಕು. ಆ ಮಾತೂ ಔಷಧದಷ್ಟೇ ಅಗತ್ಯವಾದ ಚಿಕಿತ್ಸೆಯೇ ಸರಿ.

ನಿಗಾ ಘಟಕದ ಹುಟ್ಟಿನ ಕಥೆ ಇಲ್ಲಿ ಸ್ಮರಣೀಯ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಉಲ್ಬಣಿಸಿ ಅನೇಕರ ಉಸಿರು ನಿಲ್ಲತೊಡಗಿತು. ಯಂತ್ರಗಳು ಬೆರಳೆಣಿಕೆಯಷ್ಟು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞನು ರೋಗಿಯ ಗಂಟಲಿಗೆ ನಳಿಕೆಯಿಟ್ಟು, ಅದಕ್ಕೆ ಸೇರಿಸಿದ ರಬ್ಬರಿನ ಚೀಲವನ್ನು ಕೈಯಿಂದ ಒತ್ತುವ ಉಪಾಯವನ್ನು ಕಂಡುಕೊಂಡನು. ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಮಂಚದ ಪಕ್ಕ ಕುಳಿತು ಚೀಲ ಒತ್ತಿದರು. ಚೀಲ ಒತ್ತುವ ಕೈಗೆ ಬದಲಾಗಿ ಈಗ ಯಂತ್ರ ಬಂದಿದೆ. ಪಕ್ಕದಲ್ಲಿ ಕುಳಿತಿದ್ದವರ ಸ್ಥಾನ ಮಾತ್ರ ಬಹುಮಟ್ಟಿಗೆ ಬರಿದಾಗಿಯೇ ಉಳಿಯಿತು.

ಸೋಂಕಿನ ಭಯದಿಂದ ಬಾಗಿಲು ಮುಚ್ಚುವುದು ಸಕಾರಣವಾದುದೇ. ಆದರೂ ಬ್ರೆಜಿಲ್ ದೇಶದ 36 ನಿಗಾ ಘಟಕಗಳಲ್ಲಿ ಮನೆಯವರಿಗೆ ತಿಳಿವಳಿಕೆ ನೀಡಿ, ದಿನಕ್ಕೆ ಹನ್ನೆರಡು ಗಂಟೆಯವರೆಗೂ ರೋಗಿಯ ಬಳಿ ಇರಗೊಟ್ಟು ಪರೀಕ್ಷಿಸಲಾಯಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಸೋಂಕು ಹೆಚ್ಚಲಿಲ್ಲ; ಮನೆಯವರ ಆತಂಕ ತಗ್ಗಿತು. ರೋಗಿಗಳ ಚಿತ್ತಭ್ರಮೆ ಮಾತ್ರ ನಿರೀಕ್ಷಿಸಿದಂತೆ ಇಳಿಯಲಿಲ್ಲ. ನಮ್ಮ ಆಸ್ಪತ್ರೆಗಳ ಜನಸಂದಣಿಯಲ್ಲಿ ಹನ್ನೆರಡು ಗಂಟೆ ಕಷ್ಟಸಾಧ್ಯ. ಗೊತ್ತಾದ ವೇಳೆಗೆ ಒಬ್ಬರನ್ನು ಬಿಡುವುದು, ಅದೇ ವೇಳೆಗೆ ಸ್ಥಿತಿಗತಿ ತಿಳಿಸುವುದು ಅಸಾಧ್ಯವೇನಲ್ಲ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ನೂರಾ ಹೆಲ್ತ್ ಸಂಸ್ಥೆಯು ಕಳೆದ ದಶಕದಲ್ಲಿಯೇ ರೋಗಿಗಳ ಮನೆಯವರಿಗೆ ಆರೈಕೆಯ ಪಾಠ ಹೇಳಿಕೊಡಲು ಆರಂಭಿಸಿತು.

ಒಳಗೆ ಹಗಲು ಯಾವುದು, ಇರುಳು ಯಾವುದು ತಿಳಿಯದು. ದೀಪ ಆರುವುದಿಲ್ಲ; ಯಂತ್ರದ ಸದ್ದು ನಿಲ್ಲುವುದಿಲ್ಲ. ಅಲ್ಲಿ ಮಲಗಿದವನು ಇಲ್ಲದ್ದನ್ನು ಕಂಡು ಬೆದರಿ ನಳಿಕೆಯನ್ನು ಕೀಳಲೂಬಹುದು. ಊರಿಗೆ ಮರಳಿದ ಮೇಲೂ ಕೆಟ್ಟ ಕನಸು, ಮರೆವು, ಕೈಕಾಲುಗಳ ನಿತ್ರಾಣ ಕೆಲಕಾಲ ಕಾಡುವುದುಂಟು. ಇದು ಕಾಯಿಲೆಯ ಶೇಷವೆಂದು ಬಿಡುಗಡೆಯ ದಿನ ಯಾರೂ ಹೇಳದಿದ್ದರೆ, ಗಾಳಿ ಸೋಕಿತೆಂದು ಮನೆಯವರು ತಾಯಿತ ಕಟ್ಟಿಸಲು ಅಲೆಯುತ್ತಾರೆ.

ಮೂರನೆಯ ದಿನ ದಾದಿಯು ಆ ತಾಯಿಯನ್ನು ಒಳಗೆ ಕರೆದಳೆನ್ನೋಣ. ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆಯಿಸಿದಳು. "ನಳಿಗಿ ಐತ್ರಿ ಅವ್ವಾರ, ಮಾತಾಡಂಗಿಲ್ಲ. ನಿಮ್ಮ ದನಿ ಕೇಳಿಸಬಹುದು, ಮಾತಾಡಿಸ್ರಿ" ಎಂದಳು. ತಾಯಿ ಮಗನ ಕಿವಿಯ ಬಳಿ ಬಾಗಿ, ಎಮ್ಮೆ ಈಯ್ದ ಸುದ್ದಿಯನ್ನು ಹೇಳತೊಡಗಿದಳು.