63 ಚೌಕ, ಒಂದು ಮುಖ: ಇಡೀ ಕ್ಲಾಸ್ ಸೇರಿ ಒಂದು ಚಿತ್ರ ಮಾಡೋದು ಹೇಗೆ?

ಅಕ್ಟೋಬರ್ ಬಂತೆಂದರೆ ಪ್ರತಿ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲೂ ಒಂದೇ ಪ್ರಶ್ನೆ: "ರಾಜ್ಯೋತ್ಸವಕ್ಕೆ ನಮ್ ಸೆಕ್ಷನ್‌ನಿಂದ ಏನ್ ಮಾಡೋದು?" ದೊಡ್ಡದೊಂದು ಚಿತ್ರ ಮಾಡೋಣ ಅಂತ ಯಾರೋ ಹೇಳ್ತಾರೆ, ಎಲ್ಲರೂ ಹೂಂ ಅಂತಾರೆ. ಆಮೇಲೆ ನಡೆಯುವುದು ನಮಗೆಲ್ಲ ಗೊತ್ತಿರುವ ಕಥೆ. ಚೆನ್ನಾಗಿ ಬಿಡಿಸುವ ಇಬ್ಬರು ರಾತ್ರಿಯೆಲ್ಲ ಕೂತು ಬಿಡಿಸುತ್ತಾರೆ. ನಾಲ್ವರು ಬಣ್ಣ ಕಲಸಿ ಕೊಡುತ್ತಾರೆ. ಹತ್ತು ಜನ ಟೀ ತರುತ್ತಾರೆ. ಉಳಿದವರು ಮರುದಿನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕೆಳಗೆ ಮಾತ್ರ 'ಮೂರನೇ ಸೆಮಿಸ್ಟರ್ ವಿದ್ಯಾರ್ಥಿಗಳಿಂದ' ಎಂದು ಬರೆದಿರುತ್ತದೆ.

ಟೀ ತಂದವರು ಸೋಮಾರಿಗಳಲ್ಲ, ಬಿಡಿಸಿದವರು ಸ್ವಾರ್ಥಿಗಳೂ ಅಲ್ಲ. ಆ ಚಿತ್ರವನ್ನು ಅರವತ್ತು ಜನಕ್ಕೆ ಹಂಚಲು ಬರುವ ಹಾಗೆ ಯೋಚಿಸಿರಲಿಲ್ಲ, ಅಷ್ಟೇ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕೂರುವ ನಾವು ಕೈ ಜೋಡಿಸಿ ಮಾಡಿದ ವಸ್ತು ಅಂತ ಒಂದಾದರೂ ಇರಲಿ ಅನ್ನುವ ಆಸೆ ಇದ್ದರೆ, ಬ್ರಶ್ ಹಿಡಿಯುವ ಮುಂಚೆ ಒಂದು ಗೆರೆ ಎಳೆಯಬೇಕು: ಯಾವುದು ಎಲ್ಲರಿಗೂ ಒಂದೇ, ಯಾವುದು ಒಬ್ಬೊಬ್ಬರದ್ದು? ಈ ಪಾಠವಿಡೀ ಆ ಒಂದು ಗೆರೆಯ ಬಗ್ಗೆ.

ಹಳೆಯ ಗೋಡೆ, ಹೊಸ ಗೋಡೆ

ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮದುವೆ ಮನೆಯಲ್ಲಿ ಹೆಂಗಸರು ಸೇರಿ ಬರೆಯುವ ಚಿತ್ರ ಅದು. ಗೆರೆಗಳು ಹೇಗೆ ಕೂಡಬೇಕು, ಅಂಚು ಹೇಗೆ ಬರಬೇಕು ಅನ್ನುವುದಕ್ಕೆ ವ್ಯಾಕರಣ ಇದೆ. ಆ ವ್ಯಾಕರಣ ಕೈಗೆ ಬಂದವರು ಯಾರು ಕೂತರೂ ಚಿತ್ತಾರ ಮುಂದುವರಿಯುತ್ತದೆ.

ಇನ್ನೊಂದು ಉದಾಹರಣೆ ದೂರದ್ದು. ಸಾಲ್ ಲೆವಿಟ್ ಎಂಬ ಅಮೆರಿಕದ ಕಲಾವಿದ 1968ರಿಂದ ಗೋಡೆ ಚಿತ್ರಗಳನ್ನು ಮಾಡತೊಡಗಿದರು. ಅವರು ಹೆಚ್ಚಾಗಿ ಕೊಡುತ್ತಿದ್ದದ್ದು ಸೂಚನೆ. ಗೆರೆ ಎಲ್ಲಿಂದ ಎಲ್ಲಿಗೆ, ಯಾವ ಬಣ್ಣ ಎಂದು ಅವರು ಬರೆದುಕೊಡುತ್ತಿದ್ದರು, ಬೇರೆಯವರು ಗೋಡೆಯ ಮೇಲೆ ಎಳೆಯುತ್ತಿದ್ದರು. ಅವರು 2007ರಲ್ಲಿ ತೀರಿಕೊಂಡರು. ಮರುವರ್ಷ ಮ್ಯಾಸಚೂಸೆಟ್ಸ್‌ನ ಮಾಸ್ ಮೋಕಾ ಎಂಬ ಮ್ಯೂಸಿಯಮ್ಮಿನಲ್ಲಿ ಅವರ 105 ಗೋಡೆ ಚಿತ್ರಗಳ ಪ್ರದರ್ಶನ ತೆರೆಯಿತು. ಅವನ್ನು ಗೋಡೆಗಿಳಿಸಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಸ್ಪೆಸಿಫಿಕೇಶನ್ ಒಂದು, ಕೈಗಳು ಹಲವು. ನಮ್ಮ ಬ್ರಾಂಚಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾವು ಮಾಡೋದೇನು?

ಉದಾಹರಣೆಗೆ ಪೂರ್ಣಚಂದ್ರ ತೇಜಸ್ವಿಯವರ ಮುಖ ಇಟ್ಟುಕೊಳ್ಳೋಣ. ಹಕ್ಕಿಗಳ ಫೋಟೋ ತೆಗೆದವರು, 'ಕರ್ವಾಲೊ' ಬರೆದವರು, ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಲಿ ಎಂದು ಓಡಾಡಿದವರು. ಕನ್ನಡಕ, ಗಡ್ಡ ಇರುವುದರಿಂದ ನೆರಳು-ಬೆಳಕು ಸ್ಪಷ್ಟವಾಗಿ ಸಿಗುತ್ತದೆ. ಫೋಟೋ ಯಾರು ತೆಗೆದದ್ದೆಂದು ತಿಳಿದು, ಬಳಸಲು ಒಪ್ಪಿಗೆ ಪಡೆಯಿರಿ. ಇಂಟರ್ನೆಟ್ಟಲ್ಲಿ ಸಿಕ್ಕಿತು ಅನ್ನುವುದು ಒಪ್ಪಿಗೆ ಅಲ್ಲ. ಅದು ತಾಪತ್ರಯ ಅನಿಸಿದರೆ ನೀವೇ ಫೋಟೋ ತೆಗೆಯಬಹುದಾದ ಒಬ್ಬರನ್ನು ಆರಿಸಿ, ಅವರನ್ನೇ ಕೇಳಿ.

ಈ ಮುಖವನ್ನು ಬಣ್ಣದಲ್ಲಿ ಬಿಡಿಸುವುದಿಲ್ಲ, ಅಕ್ಷರಗಳಲ್ಲಿ ಕಟ್ಟುತ್ತೇವೆ. ಬಿಳಿ ಹಾಳೆ, ಕಪ್ಪು ಪೆನ್ನು. ಎಲ್ಲಿ ನೆರಳಿದೆಯೋ ಅಲ್ಲಿ ಅಕ್ಷರ ದಟ್ಟ, ಎಲ್ಲಿ ಬೆಳಕಿದೆಯೋ ಅಲ್ಲಿ ವಿರಳ. ಪತ್ರಿಕೆಯ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದರೆ ಚುಕ್ಕಿ, ದೂರ ಹಿಡಿದರೆ ಮುಖ ಕಾಣುತ್ತದಲ್ಲ, ಅದೇ ತತ್ವ. ಚುಕ್ಕಿಯ ಬದಲು ಕನ್ನಡ ಪದ.

ಎಲ್ಲರಿಗೂ ಒಂದೇ ಆದದ್ದು ಮೂರು: ಚೌಕದ ಅಳತೆ, ಕಪ್ಪಿನ ಪ್ರಮಾಣ, ಅಂಚು. ಒಬ್ಬೊಬ್ಬರದ್ದೇ ಆದದ್ದು ಎರಡು: ಪದ ಮತ್ತು ಕೈಬರಹ.

ಅಳತೆ

60 ಜನರ ಕ್ಲಾಸಿಗೆ ಅಡ್ಡ 7, ಉದ್ದ 9, ಒಟ್ಟು 63 ಚೌಕ. ಒಂದೊಂದು ಚೌಕ 10 ಇಂಚು. ಹತ್ತೇ ಯಾಕೆ ಅಂದರೆ ಎ3 ಹಾಳೆಯ ಅಗಲ 11.7 ಇಂಚು, ಒಂದಡಿ ಚೌಕ ಅದರಲ್ಲಿ ಹಿಡಿಯುವುದಿಲ್ಲ. ಪೂರ್ತಿ ಚಿತ್ರ 70 ಇಂಚು ಅಗಲ, 90 ಇಂಚು ಎತ್ತರ, ಅಂದರೆ ಏಳೂವರೆ ಅಡಿ. ಫೋಟೋವನ್ನು 7×9 ಇಂಚಿಗೆ ಕತ್ತರಿಸಿಕೊಂಡರೆ ಎ4 ಹಾಳೆಯಲ್ಲಿ ಕೂರುತ್ತದೆ. ಒಂದು ಇಂಚಿಗೆ ಹತ್ತು ಇಂಚು, ಸ್ಕೇಲ್ 1:10.

ಸಾಲುಗಳಿಗೆ ಅ, ಆ, ಇ, ಈ, ಉ, ಊ, ಋ, ಎ, ಏ. ಕಾಲಮ್ಮುಗಳಿಗೆ 1ರಿಂದ 7. ನಿಮ್ಮ ಚೌಕ 'ಉ-4' ಅಂದರೆ ನಟ್ಟನಡುವಿನದು. ಹಾಳೆಯ ಹಿಂದೆ ಈ ಗುರುತು, ಜೊತೆಗೆ ಮೇಲ್ಭಾಗ ತೋರಿಸುವ ಒಂದು ಬಾಣ. ಬಾಣ ಇಲ್ಲದಿದ್ದರೆ ಜೋಡಿಸುವ ದಿನ ಗಡ್ಡದ ಚೌಕ ತಲೆಕೆಳಗಾಗುವುದು ಖಂಡಿತ.

60 ಜನಕ್ಕೆ 60 ಚೌಕ ಹೋದರೆ ಮೂರು ಉಳಿಯುತ್ತವೆ. ಒಂದು ಕ್ಲಾಸ್ ಟೀಚರ್‌ಗೆ, ಒಂದು ಲ್ಯಾಬ್ ಅಟೆಂಡರ್ ಅಣ್ಣನಿಗೆ, ಒಂದು ನಮ್ಮ ರೂಮು ಗುಡಿಸುವ ಅಕ್ಕನಿಗೆ. ಕೇಳಿ ನೋಡಿ, ಬೇಡ ಅನ್ನಲಿಕ್ಕಿಲ್ಲ.

ಕಪ್ಪಿನ ಪ್ರಮಾಣ

ಫೋಟೋವನ್ನು ಕಪ್ಪು-ಬಿಳುಪು ಮಾಡಿ, ಜಿಂಪ್‌ನಲ್ಲಿ ಪೋಸ್ಟರೈಜ್ ಒತ್ತಿ ಐದು ಶೇಡಿಗೆ ಇಳಿಸಿ. ಶೇಡ್ 0 ಖಾಲಿ ಬಿಳಿ. 1 ಅಂದರೆ ತೆಳು ಪೆನ್ನು, ಬಿಡಿಬಿಡಿಯಾಗಿ. 2 ತೆಳು ಪೆನ್ನು, ಒತ್ತೊತ್ತಾಗಿ. 3 ದಪ್ಪ ಪೆನ್ನು, ಒತ್ತೊತ್ತಾಗಿ. 4 ದಪ್ಪ ಪೆನ್ನು, ಅಕ್ಷರದ ಮೇಲೆ ಅಕ್ಷರ.

ತೊಂದರೆ ಬರೋದು ಇಲ್ಲೇ. ಒಬ್ಬರ 'ಒತ್ತೊತ್ತು' ಇನ್ನೊಬ್ಬರ 'ಬಿಡಿಬಿಡಿ'. ಅದಕ್ಕೇ ಚೌಕ ಹಂಚುವ ಮುಂಚೆ ಎಲ್ಲರೂ ಒಂದು ಪಟ್ಟಿಯ ಮೇಲೆ ಐದು ಶೇಡ್ ಬರೆದು ತರಲಿ. ಅವನ್ನೆಲ್ಲ ಗೋಡೆಗೆ ಅಂಟಿಸಿ 20 ಅಡಿ ದೂರದಿಂದ ನೋಡಿ. ಸರಿಯಾಗಿ ಕಾಣುವ ಒಂದನ್ನು ಆರಿಸಿ, ಜೆರಾಕ್ಸ್ ತೆಗೆದು ಎಲ್ಲರಿಗೂ ಕೊಡಿ. ಲ್ಯಾಬಿನಲ್ಲಿ ಮೀಟರ್ ಕ್ಯಾಲಿಬ್ರೇಟ್ ಮಾಡದೆ ರೀಡಿಂಗ್ ತೆಗೆಯುತ್ತೇವಾ? ಇದೂ ಅಷ್ಟೇ.

ಅಂಚು

63 ಚೌಕಗಳ ನಡುವೆ ಕೂಡುವ ಅಂಚುಗಳು ಎಷ್ಟು? ಅಡ್ಡಕ್ಕೆ 6×9 ಅಂದರೆ 54, ಉದ್ದಕ್ಕೆ 7×8 ಅಂದರೆ 56. ಒಟ್ಟು 110 ಜೋಡಣೆ. ಚಿತ್ರ ಕೆಟ್ಟರೆ ಮೊದಲು ಕೆಡೋದು ಇಲ್ಲಿ.

ಐದು ಶೇಡಿನ ಚಿತ್ರವನ್ನು 63 ತುಂಡು ಮಾಡಿ, ಒಂದೊಂದನ್ನೂ 10 ಇಂಚಿಗೆ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಅಂಗಡಿಯ ಪ್ರಿಂಟರ್ ಪುಟಕ್ಕೆ ತಕ್ಕಂತೆ ಹಿಗ್ಗಿಸದಂತೆ ನೋಡಿಕೊಳ್ಳಿ. ಮೊದಲ ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು ಅಳೆಯಿರಿ. ಹಗಲಲ್ಲಿ ಕಿಟಕಿಯ ಗಾಜಿಗೆ ಪ್ರಿಂಟ್ ಅಂಟಿಸಿ, ಮೇಲೆ ಡ್ರಾಯಿಂಗ್ ಶೀಟ್ ಇಟ್ಟು ಶೇಡಿನ ಗಡಿಗಳನ್ನು ಪೆನ್ಸಿಲ್ಲಿನಲ್ಲಿ ತೆಳುವಾಗಿ ಎಳೆದುಕೊಳ್ಳಿ, ಒಳಗೆ 0ರಿಂದ 4 ನಂಬರ್ ಹಾಕಿ. ಇಷ್ಟು ಮಾಡಲು ಚಿತ್ರಕಲೆ ಬರಬೇಕಿಲ್ಲ. 'ನಂಗೆ ಡ್ರಾಯಿಂಗ್ ಬರಲ್ಲ' ಅನ್ನುವವರ ಕೈಗೆ ಕಣ್ಣಿನ ಚೌಕ ಬಂದರೂ ಕಣ್ಣು ಕಣ್ಣಾಗಿಯೇ ಬರುತ್ತದೆ. ಹಾಳೆಯನ್ನು 10 ಇಂಚಿಗೆ ಕತ್ತರಿಸುವುದು ಕೊನೆಗೆ. ಕತ್ತರಿಸುವ ಮುಂಚೆ ನಾಲ್ಕು ಪಕ್ಕದವರ ಹಾಳೆಯ ಜೊತೆ ಇಟ್ಟು ನೋಡಿ. ಗೆರೆ 2 ಮಿಲಿಮೀಟರ್ ಆಚೀಚೆ ಆದರೆ ಬಿಡಿ, ಅದಕ್ಕಿಂತ ಹೆಚ್ಚಾದರೆ ಸರಿಮಾಡಿ.

ಪದ ನಿಮ್ಮದು

ಏನು ಬರೆಯಬೇಕು? ನಿಮ್ಮ ಮನೆಯ ಮಾತು. ಕುಂದಾಪುರದವರು 'ಹ್ವಾಯ್' ಅನ್ನಲಿ, ಮಂಗಳೂರಿನವರು 'ಮಾರಾಯ್ರೆ' ಅನ್ನಲಿ, ಮಂಡ್ಯದವರು 'ಕಣ್ಲಾ' ಅನ್ನಲಿ, ಧಾರವಾಡದವರು 'ಹೌದಲ್ರೀ' ಅನ್ನಲಿ. ಅಜ್ಜಿ ಬಳಸುವ, ಈಗ ಯಾರೂ ಬಳಸದ ಪದಗಳಿದ್ದರೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ಹಿಂದಿ ಮಾತಾಡುವವರು ಆ ಪದಗಳನ್ನೇ ಕನ್ನಡ ಲಿಪಿಯಲ್ಲಿ ಬರೆಯಲಿ. ಲಿಪಿ ಬಾರದವರಿಗೆ ಪಕ್ಕದ ಚೌಕದವರು ಕಲಿಸಲಿ. ಒಂದು ಚೌಕ ತುಂಬುವಷ್ಟರಲ್ಲಿ ಆ ಅಕ್ಷರಗಳು ಕೈಗೆ ಕೂತಿರುತ್ತವೆ.

ಬೇಡವಾದದ್ದನ್ನೂ ಮೊದಲೇ ಮಾತಾಡಿಕೊಳ್ಳಿ: ಬೈಗುಳ, ಜಾತಿಯ ಹೆಸರು, ಪಕ್ಷದ ಘೋಷಣೆ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಸರು. ಅಂಟಿಸಿದ ಮೇಲೆ ಜಗಳ ಆಡುವುದಕ್ಕಿಂತ ಇದು ಸುಲಭ.

ಚೀಟಿ ಎತ್ತಿ

ಯಾರಿಗೆ ಯಾವ ಚೌಕ? ಚೀಟಿ ಎತ್ತಿ. ಚೆನ್ನಾಗಿ ಬಿಡಿಸುವವರಿಗೆ ಕಣ್ಣು, ಉಳಿದವರಿಗೆ ಹಿನ್ನೆಲೆ ಅಂತ ಹಂಚಿದರೆ ಮತ್ತೆ ಟೀ ತರುವ ಕಥೆಯೇ. ಇಬ್ಬರೂ ಒಪ್ಪಿದರೆ ಚೌಕ ಬದಲಾಯಿಸಿಕೊಳ್ಳಬಹುದು.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ಇನ್ನೊಬ್ಬರ ಚೌಕ ತಿದ್ದುವಂತಿಲ್ಲ. ಕೈ ತುರಿಸುತ್ತದೆ, ಗೊತ್ತು. ಬಿಡಿಸಲು ಬರುವವರಿಗೆ ಇನ್ನೂ ಹೆಚ್ಚು. ಶೇಡ್ ತಪ್ಪಿದ್ದರೆ, ಅಂಚು ಕೂಡದಿದ್ದರೆ ಹೇಳಬಹುದು. ಸರಿಮಾಡಬೇಕಾದದ್ದು ಆ ಚೌಕದವರೇ. ಕೈಬರಹ ಸೊಟ್ಟಗಿದೆ ಅನ್ನುವಂತಿಲ್ಲ. 20 ಅಡಿಯಿಂದ ಯಾರ ಸೊಟ್ಟವೂ ಕಾಣುವುದಿಲ್ಲ. ಹತ್ತಿರ ಬಂದವರಿಗೆ ಕಾಣಬೇಕಾದದ್ದು ಆ ಸೊಟ್ಟವೇ.

ದಿನ ಲೆಕ್ಕ, ಹಿಂದಿನಿಂದ ಮುಂದಕ್ಕೆ

- ಅಕ್ಟೋಬರ್ 31: ನಿಲ್ಲಿಸುವುದು. ಜಾಗಕ್ಕೆ ಹೆಚ್‌ಒಡಿ ಸಹಿ ತಿಂಗಳ ಮೊದಲೇ ಆಗಿರಲಿ.
- 29: ಅಂಟಿಸುವುದು.
- 27: ಸೆಮಿನಾರ್ ಹಾಲಿನ ನೆಲದ ಮೇಲೆ ಸುಮ್ಮನೆ ಜೋಡಿಸಿ, ಮೇಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಫೋಟೋವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿದರೆ ಶೇಡ್ ತಪ್ಪಿದ ಚೌಕ ಎದ್ದು ಕಾಣುತ್ತದೆ. ತಿದ್ದಲು ಒಂದು ದಿನ ಸಿಗುತ್ತದೆ.
- 24: ಎಲ್ಲ ಚೌಕ ಸಿಆರ್ ಕೈಗೆ.
- 8ರಿಂದ 24: ಬರೆಯುವುದು. ಇಂಟರ್ನಲ್ಸ್ ನಡುವೆ ಬಂದರೂ ದಿನ ಉಳಿಯುತ್ತವೆ.
- 5ರೊಳಗೆ: ಮೂರು ಮಾದರಿ ಚೌಕ. ಹಣೆ, ಗಡ್ಡ, ಕಣ್ಣು ಒಂದೊಂದು. ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಿ. ಒಂದು ಚೌಕಕ್ಕೆ ಮೂರು ಗಂಟೆಗಿಂತ ಹೆಚ್ಚಾದರೆ ಅಕ್ಷರ ದೊಡ್ಡದು ಮಾಡಿ, ಪೆನ್ನು ದಪ್ಪ ಮಾಡಿ.

24ಕ್ಕೆ ಐದಾರು ಚೌಕ ಬಂದಿರುವುದಿಲ್ಲ, ಇದನ್ನು ಈಗಲೇ ಲೆಕ್ಕಕ್ಕಿಡಿ. ಬೇರೆಯವರು ಬರೆದು ಮುಗಿಸಬೇಡಿ. ಸಂಜೆ ಅವರನ್ನೇ ಕರೆದು ಜೊತೆಗೆ ಕೂತು ಬರೆಸಿ. ಟೀ ತರಲು ಇದು ಸರಿಯಾದ ದಿನ.

ಸಾಮಾನು

ಡ್ರಾಯಿಂಗ್ ಶೀಟ್ 70, ಅಂದರೆ ಕೆಟ್ಟರೆ ಏಳು ಹೆಚ್ಚಿಗೆ. ಪೆನ್ನು ಎಲ್ಲರಿಗೂ ಒಂದೇ ಕಂಪನಿಯದು, ಎರಡು ದಪ್ಪದ್ದು. ರೂಂಮೇಟುಗಳು ಹಂಚಿಕೊಂಡರೆ ಅರ್ಧ ಖರ್ಚು. ಅಂಟಿಸಲು 8×4 ಅಡಿಯ ಸನ್‌ಬೋರ್ಡ್ ಎರಡು. ಎರಡನ್ನೂ 35 ಇಂಚಿಗೆ ಕತ್ತರಿಸಿದರೆ ನಡುವಿನ ಕಾಲಮ್ ಸರಿಯಾಗಿ ಮೂಗಿನ ಮೇಲೆ ಸೀಳುತ್ತದೆ. ಒಂದನ್ನು 40, ಇನ್ನೊಂದನ್ನು 30 ಇಂಚಿಗೆ ಕತ್ತರಿಸಿ: ನಾಲ್ಕು ಕಾಲಮ್ ಇದರಲ್ಲಿ, ಮೂರು ಅದರಲ್ಲಿ. ಹೊರುವಾಗ ಅಡ್ಡ ಮಲಗಿಸಿ ಬಾಗಿಲು ದಾಟಿಸಿ. ಮೆಟ್ಟಿಲಿನ ತಿರುವನ್ನು ಮೊದಲೇ ಅಳೆದುಕೊಳ್ಳಿ. ದುಡ್ಡು ಎತ್ತುವ ಮುಂಚೆ ಎರಡು ಮೂರು ಅಂಗಡಿಯಲ್ಲಿ ಬೆಲೆ ಕೇಳಿ, ಲೆಕ್ಕವನ್ನು ಗ್ರೂಪಿನಲ್ಲಿ ಹಾಕಿ.

ಹೆಸರು, ಆಮೇಲೆ

ಪಕ್ಕದಲ್ಲಿ ಒಂದು ಹಾಳೆ ಇರಲಿ: ಚೌಕದ ಗುರುತು, ಬರೆದವರ ಹೆಸರು, ಊರು. ಅಕಾರಾದಿಯಾಗಿ, 63 ಜನದ್ದೂ ಒಂದೇ ಅಳತೆಯ ಅಕ್ಷರದಲ್ಲಿ. ಮೇಲ್ವಿಚಾರಕರು, ಸಹಾಯಕರು ಅಂತ ಪ್ರತ್ಯೇಕ ಪಟ್ಟಿ ಬೇಡ.

ನಂತರ ಚಿತ್ರ ಎಲ್ಲಿ ಹೋಗಬೇಕು ಅನ್ನುವುದನ್ನೂ ಈಗಲೇ ಬರೆದಿಡಿ. ಇಲ್ಲದಿದ್ದರೆ ಡಿಸೆಂಬರಿನಲ್ಲಿ ಅದು ಸ್ಟೋರ್ ರೂಮಿನ ಹಳೇ ಮಾನಿಟರುಗಳ ಹಿಂದೆ ಇರುತ್ತದೆ. ನಮ್ಮ ಸಲಹೆ: ಒಂದು ಒಳ್ಳೆಯ ಫೋಟೋ ತೆಗೆದು ಡಿಪಾರ್ಟ್‌ಮೆಂಟಿಗೆ ಕೊಡಿ, ಚಿತ್ರ ನಿಮ್ಮ ಕ್ಲಾಸಿನ ಜೊತೆ ರೂಮಿನಿಂದ ರೂಮಿಗೆ ಬರಲಿ. ಎಂಟನೇ ಸೆಮಿಸ್ಟರ್ ಮುಗಿಯುವ ದಿನ ಬಿಡಿಸಿ ಹಂಚಿ. ಅದಕ್ಕೇ ಗೋಂದು ಬೇಡ, ಹಿಂದೆ ಎರಡು ಬದಿಯ ಟೇಪ್ ಸಾಕು. ತಮ್ಮ ಚೌಕವನ್ನೇ ಒಯ್ಯಬೇಕೋ, ಪಕ್ಕದವರದ್ದು ಕೇಳಿ ಪಡೆಯಬೇಕೋ, ಅದನ್ನು ಆ ದಿನ ನೀವೇ ನಿರ್ಧರಿಸಿ.

ನಿಮ್ಮ ಕ್ಲಾಸಿನಲ್ಲಿ 48 ಜನ ಇದ್ದರೆ 6×8, 70 ಇದ್ದರೆ 7×10. ಈ ವಾರದ ಮನೆಗೆಲಸ ಇಷ್ಟೇ: ಹಾಜರಿ ಪಟ್ಟಿ ನೋಡಿ ಚೌಕಗಳ ಲೆಕ್ಕ ಹಾಕಿ, ಒಂದು ಪಟ್ಟಿಯ ಮೇಲೆ ಐದು ಶೇಡ್ ಬರೆದು ನೋಡಿ, ಮನೆಗೆ ಫೋನ್ ಮಾಡಿ ನಿಮ್ಮೂರಿನ ಹತ್ತು ಪದ ಕೇಳಿಕೊಳ್ಳಿ.