ಚರ್ಚಿನ ವಿಚಾರಣೆ ಬೇರೆ, ಪೊಲೀಸ್ ತನಿಖೆ ಬೇರೆ

ಪಾದ್ರಿಯ ನಡತೆಯ ಮೇಲೆ ದೂರು ಬಂದರೆ ಸಭೆಯ ಹಿರಿಯರು ಮೊದಲು ಹೇಳುವ ಮಾತು: "ಬಿಷಪ್ಪರಿಗೆ ತಿಳಿಸೋಣ, ಹೊರಗೆ ಬೇಡ." ತಿಳಿಸುವುದು ಸರಿ, ಆದರೆ ಬಿಷಪ್ಪರ ಅಧಿಕಾರ ಪದವಿಯ ಮಟ್ಟದ್ದು. ಅವರು ವರ್ಗ ಮಾಡಬಹುದು, ಪೂಜೆ ಅರ್ಪಿಸದಂತೆ ತಡೆಯಬಹುದು. ಅಪರಾಧಕ್ಕೆ ಶಿಕ್ಷೆ ಕೊಡುವುದು ನ್ಯಾಯಾಲಯ ಮಾತ್ರ. ಬಿಷಪ್ಪರಿಗೂ ಪೊಲೀಸರಿಗೂ ಏಕಕಾಲಕ್ಕೆ ದೂರು ಕೊಡಬಹುದು.

ಚರ್ಚಿನೊಳಗಿನ ದಾರಿ

ಯಾದಗಿರಿ ಜಿಲ್ಲೆಯ ಕಕ್ಕೇರಾ, ಸುರಪುರ, ಶಹಾಪುರದ ಕಥೋಲಿಕರು 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದವರು. ಗುರುಗಳ (ಪಾದ್ರಿಗಳ) ಮೇಲಿನ ದೂರನ್ನು ಕಲಬುರಗಿಯ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಕೊಡಬೇಕು. ಧರ್ಮಾಧ್ಯಕ್ಷರ ಮೇಲೆಯೇ ದೂರಿದ್ದರೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೆ ಬರೆಯಬಹುದು. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ನಿಯಮದಂತೆ, ಲೈಂಗಿಕ ದೌರ್ಜನ್ಯದ ಸುದ್ದಿ ತಿಳಿದ ಗುರುಗಳು, ಸನ್ಯಾಸಿನಿಯರು ಅದನ್ನು ವರದಿ ಮಾಡಲೇಬೇಕು. ದೂರು ಕೊಟ್ಟವರಿಗೆ "ಬಾಯಿ ಬಿಡಬೇಡಿ" ಎಂದು ಷರತ್ತು ಹಾಕುವಂತಿಲ್ಲ.

ಈ ದಾರಿ ನಿಧಾನದ್ದು. ಮೈಸೂರಿನ ಅಂದಿನ ಧರ್ಮಾಧ್ಯಕ್ಷ ಕೆ.ಎ. ವಿಲಿಯಂ ವಿರುದ್ಧ ಗಂಭೀರ ಆರೋಪಗಳನ್ನು ಮಾಡಿ 37 ಗುರುಗಳು ಪೋಪ್‌ಗೆ ಪತ್ರ ಬರೆದದ್ದು 2019ರಲ್ಲಿ. ಅವನ್ನು ವಿಲಿಯಂ ಅಲ್ಲಗಳೆದಿದ್ದರು. ಅವರನ್ನು ಆಡಳಿತದಿಂದ ದೂರವಿಟ್ಟು ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರಿಗೆ ಹೊಣೆ ವಹಿಸಿದ್ದು 2023ರ ಜನವರಿಯಲ್ಲಿ.

ಮೆಥೊಡಿಸ್ಟ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೆ ತಮ್ಮದೇ ಶಿಸ್ತಿನ ನಿಯಮಗಳಿವೆ. ಒಬ್ಬ ಪಾಸ್ಟರ್ ತಾನೇ ಕಟ್ಟಿ ನಡೆಸುವ ಸಭೆಯಲ್ಲಿ ಅವರ ಮೇಲೆ ಯಾರೂ ಇಲ್ಲದಿದ್ದರೆ, ಉಳಿಯುವುದು ಠಾಣೆಯ ದಾರಿಯೊಂದೇ.

ಕಾನೂನಿನ ದಾರಿ

ಸಂತ್ರಸ್ತರು 18 ವರ್ಷದೊಳಗಿನವರಾದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ, 2012 ಅನ್ವಯವಾಗುತ್ತದೆ. ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗುವ ಲೈಂಗಿಕ ದೌರ್ಜನ್ಯವನ್ನು ಈ ಕಾಯ್ದೆ ಹೆಚ್ಚು ಗಂಭೀರ ಅಪರಾಧವೆಂದು ಎಣಿಸುತ್ತದೆ. ವಿಷಯ ತಿಳಿದೂ ಪೊಲೀಸರಿಗೆ ಹೇಳದವರಿಗೆ 6 ತಿಂಗಳವರೆಗೆ, ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು ಆಗಬಹುದು. ಹಿರಿಯರು ಕೂತು ರಾಜಿ ಮಾಡಿಸಿ ಮುಗಿಸುವ ವ್ಯಾಜ್ಯ ಇದಲ್ಲ.

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಪೊಲೀಸರು ಸಮವಸ್ತ್ರವಿಲ್ಲದೆ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ಮಗುವಿನ ಹೆಸರು, ಫೋಟೊ ಪ್ರಕಟಿಸುವುದು ಅಪರಾಧ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವವರೂ ಎಚ್ಚರ.

ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬಹುದು. 2022ರಲ್ಲಿ ಚಿತ್ರದುರ್ಗದ ಮುರುಘಾ ಮಠದ ಪೀಠಾಧಿಪತಿಯ ಮೇಲಿನ ಪೋಕ್ಸೊ ಪ್ರಕರಣ ಮೊದಲು ದಾಖಲಾದದ್ದು ಮೈಸೂರಿನಲ್ಲಿ. ನಂತರ ಚಿತ್ರದುರ್ಗಕ್ಕೆ ವರ್ಗವಾಯಿತು. ಆ ಪ್ರಕರಣದಲ್ಲಿ ಅವರನ್ನು ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಖುಲಾಸೆಗೊಳಿಸಿತು. ಎಫ್‌ಐಆರ್ ತನಿಖೆಯ ಆರಂಭವೇ ಹೊರತು ತೀರ್ಪಲ್ಲ. ಪಾದ್ರಿಗೂ ತನ್ನ ಪರ ವಾದಿಸುವ ಹಕ್ಕಿದೆ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಯಾದಗಿರಿ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.

ಚರ್ಚಿನ ಶಾಲೆ, ಆಸ್ಪತ್ರೆ, ಹಾಸ್ಟೆಲಿನಲ್ಲಿ ದುಡಿಯುವ ಮಹಿಳೆಯರಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ರಕ್ಷಣೆಯೂ ಇದೆ. 10 ಅಥವಾ ಹೆಚ್ಚು ನೌಕರರಿದ್ದರೆ ಸಂಸ್ಥೆಯ ಆಂತರಿಕ ಸಮಿತಿಗೆ, ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ, 3 ತಿಂಗಳೊಳಗೆ ದೂರು ಕೊಡಬೇಕು.

ಕೈಯಲ್ಲಿರಲಿ

ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತು ನೆರವಿಗೆ 112, ಕಾನೂನು ನೆರವಿಗೆ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ದೂರಿನಲ್ಲಿ ದಿನಾಂಕ, ಜಾಗ, ನಡೆದದ್ದನ್ನು ಇದ್ದ ಹಾಗೆ ಬರೆಯಿರಿ. ಬಿಷಪ್ಪರ ಕಚೇರಿಯಲ್ಲಿ ಕೊಟ್ಟ ಪ್ರತಿಗೆ ಸ್ವೀಕೃತಿ, ಠಾಣೆಯಲ್ಲಿ ಎಫ್‌ಐಆರ್‌ನ ಉಚಿತ ಪ್ರತಿ ಪಡೆಯದೆ ಬರಬೇಡಿ.