ಧಾರೆಯೊಳಗಿನ ತಾಳ: ಒಂದು ತಡವಾದ ಉತ್ತರ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ನೆನಪಿನ ಜೊತೆಗೆ ಒಂದು ಪಾಠದ ಬಾಕಿಯನ್ನೂ ತೀರಿಸಬಯಸುತ್ತೇನೆ.

1956ರಲ್ಲಿ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಪ್ರದೇಶಗಳು ಆಂಧ್ರಕ್ಕೆ ಸೇರಿದ ಮೇಲೂ ನಮ್ಮಲ್ಲಿ ವಿಜ್ಞಾನದ ಪಾಠ ಕನ್ನಡದಲ್ಲಿ ನಡೆಯುತ್ತಲೇ ಇತ್ತು. ತಾಂಡೂರು ನಿಲ್ದಾಣದಲ್ಲಿ ಉಗಿಬಂಡಿಯನ್ನು ಕಂಡು ಬಂದ ಬಾಲಕನೊಬ್ಬ ಒಂದು ದಿನ ಎದ್ದು ನಿಂತು ಕೇಳಿದ: "ಸರ, ಗಾಡಿ ಹೊಂಟಾಗ ಹೊಗಿ ಉಂಡಿ ಉಂಡಿಯಾಗಿ ಬರ್ತದ, ನಿಂತಾಗ ಹಂಗೇ ಚದರಿ ಹೋಗ್ತದ, ಯಾಕ್ರೀ?"

"ಹೊಗೆಗೆಂಥ ಶಿಸ್ತು? ಕುಳಿತುಕೋ" ಎಂದುಬಿಟ್ಟೆ. ಅದು ತಪ್ಪು ಉತ್ತರ.

1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸರು ಗಾಜಿನ ಕೊಳವೆಯ ನೀರಿನಲ್ಲಿ ಬಣ್ಣದ ಎಳೆಯನ್ನು ಹರಿಸಿ ನೋಡಿದರು. ನಿಧಾನ ಹರಿವಿನಲ್ಲಿ ಎಳೆ ನೇರವಾಗಿತ್ತು. ವೇಗ ಹೆಚ್ಚಿದಾಗ ಕದಡಿಹೋಯಿತು. ಈ ಕದಡಿದ ಹರಿವೇ ಪ್ರಕ್ಷುಬ್ಧ ಪ್ರವಾಹ. ಇದರಲ್ಲಿ ಬರಿಯ ಅವ್ಯವಸ್ಥೆಯಿದೆಯೆಂದು ಬಹುಕಾಲ ನಂಬಲಾಗಿತ್ತು.

ಮನೆಯಲ್ಲೇ ಒಂದು ಪ್ರಯೋಗ ಮಾಡಿರಿ. ರಟ್ಟಿನ ಡಬ್ಬಿಯ ಒಂದು ಬದಿಯಲ್ಲಿ ದುಂಡು ರಂಧ್ರ ಕೊರೆದು, ಒಳಗೆ ಊದುಬತ್ತಿಯ ಹೊಗೆ ತುಂಬಿಸಿ, ಹಿಂಬದಿಯನ್ನು ಬೆರಳಿನಿಂದ ತಟ್ಟಿರಿ. ಹೊಗೆಯ ಉಂಗುರವೊಂದು ಹೊರಬೀಳುತ್ತದೆ. ಒಂದೇ ತಾಳದಲ್ಲಿ ತಟ್ಟುತ್ತಾ ಹೋದರೆ ಉಂಗುರಗಳು ಸಾಲಾಗಿ ಬರುತ್ತವೆ. ಅವೇ ಕ್ರಮಬದ್ಧ ಸುಳಿಗಳು.

1971ರಲ್ಲಿ ಕ್ರೋ ಮತ್ತು ಷಾಂಪೇನ್ ಎಂಬ ವಿಜ್ಞಾನಿಗಳು ಪ್ರಕ್ಷುಬ್ಧ ಗಾಳಿಯ ಧಾರೆಯನ್ನು ಧ್ವನಿವರ್ಧಕದಿಂದ ಹೀಗೆಯೇ ತಾಳಬದ್ಧವಾಗಿ ಅಲುಗಿಸಿದರು. ಅಲುಗಾಟವು ಧಾರೆಯ ವೇಗದ ನೂರಕ್ಕೆ ಎರಡರಷ್ಟೇ ಇದ್ದರೂ ದೊಡ್ಡ ಸುಳಿಗಳು ಸ್ಪಷ್ಟವಾಗಿ ಎದ್ದು ಕಂಡವು. ಧಾರೆಯು ಸುತ್ತಲಿನ ಗಾಳಿಯನ್ನು ಹೆಚ್ಚಾಗಿ ಸೆಳೆದುಕೊಂಡಿತು. ಆದರೆ ತಾಳ ಸರಿಯಾಗಿರಬೇಕು. ಆವೃತ್ತಿಯನ್ನು ಬಾಯಿಯ ವ್ಯಾಸದಿಂದ ಗುಣಿಸಿ, ವೇಗದಿಂದ ಭಾಗಿಸಿದಾಗ ಸುಮಾರು 0.3 ಬಂದರೆ ಧಾರೆ ಅತ್ಯಂತ ಚೆನ್ನಾಗಿ ಸ್ಪಂದಿಸುತ್ತದೆ. ವ್ಯಾಸ 5 ಸೆಂಟಿಮೀಟರ್, ವೇಗ ಸೆಕೆಂಡಿಗೆ 10 ಮೀಟರ್ ಇದ್ದರೆ, ಸೆಕೆಂಡಿಗೆ 60 ತಾಳ.

ಕ್ರಮವನ್ನೂ ಅಕ್ರಮವನ್ನೂ ಬೇರ್ಪಡಿಸುವುದು ಹೇಗೆ? ಪ್ರತಿ ತಾಳದ ಅದೇ ಘಟ್ಟದಲ್ಲಿ ವೇಗವನ್ನಳೆದು, ನೂರಾರು ತಾಳಗಳ ಸರಾಸರಿ ತೆಗೆಯಬೇಕು. ಯಾದೃಚ್ಛಿಕ ಏರಿಳಿತಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕ್ರಮಬದ್ಧ ಚಲನೆ ಮಾತ್ರ ಉಳಿಯುತ್ತದೆ.

ಇನ್ನೊಂದು ಸೋಜಿಗವೂ ಉಂಟು. ಬಾಯಿಯ ಅಂಚಿನ ತೆಳುಪದರಕ್ಕೆ ಹೊಂದುವ ಬಹು ತೀವ್ರ ತಾಳ ಹಾಕಿದರೆ ಸಣ್ಣ ಸುಳಿಗಳು ಬೇಗ ಹುಟ್ಟಿ ಬೇಗ ಒಡೆಯುತ್ತವೆ. ದೊಡ್ಡವು ಬೆಳೆಯುವುದಿಲ್ಲ, ಪ್ರಕ್ಷುಬ್ಧತೆಯೇ ತಗ್ಗುತ್ತದೆ. ಇದನ್ನು 1981ರಲ್ಲಿ ಝಮಾನ್ ಮತ್ತು ಹುಸೇನ್ ವಿವರಿಸಿದರು. ಅಂದರೆ, ತಾಳವು ಎಬ್ಬಿಸಲೂ ಬಲ್ಲುದು, ತಣಿಸಲೂ ಬಲ್ಲುದು.

ದೊಡ್ಡ ಸುಳಿಗಳ ಮಹತ್ವವನ್ನು ಬೇರೊಂದು ದಾರಿಯಿಂದ ಕಂಡವರು ನಮ್ಮ ಬೆಂಗಳೂರಿನವರೇ. 1996ರಲ್ಲಿ ಜಿ. ಎಸ್. ಭಟ್ ಮತ್ತು ರೊದ್ದಂ ನರಸಿಂಹ ಅವರು, ಮೋಡಗಳನ್ನು ಅರಿಯಲೆಂದು, ನೀರಿನ ಧಾರೆಯನ್ನು ಒಳಗಿನಿಂದ ಕಾಯಿಸಿದ ಪ್ರಯೋಗವನ್ನು ಪ್ರಕಟಿಸಿದರು. ದೊಡ್ಡ ಸುಳಿಗಳು ಕದಡಿದವು. ಸುತ್ತಲಿನ ನೀರನ್ನು ಸೆಳೆಯುವ ಶಕ್ತಿಯೂ ಕುಗ್ಗಿತು.

ಆ ಬಾಲಕನೇ, ನೀನು ಈಗ ಎಲ್ಲಿರುವೆಯೋ ಅರಿಯೆ. ಚಲಿಸುವ ಬಂಡಿಯ ಸಿಲಿಂಡರು ಉಗಿಯನ್ನು ಬಿಟ್ಟುಬಿಟ್ಟು ತಳ್ಳುತ್ತಿತ್ತು. ಅದೇ ತಾಳ ಹೊಗೆಯನ್ನು ಉಂಡೆಗಟ್ಟಿಸಿತು. ನಿಂತಾಗ ಆ ತಾಳವಿರಲಿಲ್ಲ. ನೀನು ಕಂಡದ್ದು ಸರಿ. ಕುಳಿತುಕೋ ಎಂದ ನಾನೇ ತಪ್ಪಿದೆ.